ಫಿರಂಗಿ ಏರಿದ ಡ್ರೈವರು

ಬಸ್ಸು ಓಡಿಸುವ ನಮ್ಮ ಡ್ರೈವರಿಗೆ ರೈಲು ಬಿಡುವುದೂ ಚೆನ್ನಾಗಿ ಬರುತ್ತಿತ್ತು. ಸಮುದ್ರದಂಚಿನ ಆ ಹಳೇ ಊರಿಗೆ ವರ್ಷಗಟ್ಟಲೆ ಬಸ್ಸು ಹೊಡೆದವನು. ಪ್ರಯಾಣಿಕರ ಬಾಯಲ್ಲಿ ಕೇಳಿದ್ದನ್ನೆಲ್ಲ ತಾನೇ ಕಂಡಂತೆ ಹೆಂಡತಿಗೆ ಉಣಬಡಿಸುತ್ತಿದ್ದ. ಕೋಟೆ ಹತ್ತಿದ್ದು, ಅಲೆಯಲ್ಲಿ ಮಿಂದದ್ದು, ಫಿರಂಗಿಯ ಮೇಲೆ ಕುದುರೆ ಸವಾರನ ಹಾಗೆ ಕೂತದ್ದು. ನಿಜ ಹೇಳಬೇಕೆಂದರೆ, ಪುಣ್ಯಾತ್ಮ ಬಸ್ ನಿಲ್ದಾಣದ ಗೇಟು ದಾಟಿದವನೇ ಅಲ್ಲ. ಸಿಕ್ಕ ಚೂರು ಬಿಡುವಿನಲ್ಲಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆದು, ಮತ್ತೆ ಸ್ಟೇರಿಂಗ್ ಹಿಡಿಯುತ್ತಿದ್ದ.

ಈಗ ಅವಳೇ ಹಟ ಹಿಡಿದು, ರಜೆ ಹಾಕಿಸಿ ಅದೇ ಊರಿಗೆ ಹೊರಡಿಸಿದ್ದಳು. ಬಸ್ಸಿಳಿದದ್ದೇ ತಡ, "ರೀ, ಮೊದ್ಲು ನೀವು ಕೂತಿದ್ದ ಫಿರಂಗಿ ತೋರ್ಸಿ" ಅಂದಳು.

ಅವನು ಆಚೀಚಿನ ಓಣಿಗಳತ್ತ ಕಣ್ಣು ಹಾಯಿಸಿದ. ಇವತ್ತು ಬಣ್ಣ ಬಯಲಾದರೆ ಇವಳು ಇನ್ನು ತನ್ನ ಒಂದು ಮಾತನ್ನೂ ನಂಬಲಿಕ್ಕಿಲ್ಲ. ಭಾವಮೈದುನನ ಕಿವಿಗೆ ಬಿದ್ದರಂತೂ ತಲೆ ಎತ್ತುವ ಹಾಗಿಲ್ಲ.

"ಬಾ ಬಾ, ಕಣ್ಣು ಮುಚ್ಕೊಂಡು ಕರ್ಕೊಂಡ್ ಹೋಗ್ತೀನಿ."

ಕಣ್ಣು ತೆರೆದುಕೊಂಡು ಹೋಗಿದ್ದರೇ ವಾಸಿಯಿತ್ತು. ಮೊದಲನೇ ಓಣಿ ಯಾರದೋ ಹಿತ್ತಿಲಲ್ಲಿ ಮುಗಿಯಿತು, ಇನ್ನೊಂದು ಬಲೆ ಹೊಲಿಯುವವರ ನಡುವೆ.

"ಇದು ಒಳದಾರಿ ಕಣೇ. ಹೊರಗಿನೋರಿಗೆ ಗೊತ್ತಿರಲ್ಲ."

ಅವಳು ಹೂಂ ಅಂದಳು. ನೀಲಿ ಬಾಗಿಲು, ಸವೆದ ಮೆಟ್ಟಿಲು, ಉಪ್ಪುಗಾಳಿಗೆ ಸಿಪ್ಪೆ ಎದ್ದ ಗೋಡೆಗಳನ್ನೆಲ್ಲ ಸಾವಕಾಶವಾಗಿ ನೋಡುತ್ತ ಬಂದಳು. ದಾರಿಯಲ್ಲಿ ಚಹಾ ಕುಡಿದರು.

ಕೊನೆಗೂ ಕೋಟೆ ಸಿಕ್ಕಿತು, ಫಿರಂಗಿ ಸಿಗಲಿಲ್ಲ. ಬರೀ ಕಲ್ಲಿನ ಕಟ್ಟೆ, ಪಕ್ಕದಲ್ಲೊಂದು ಫಲಕ: ಇಲ್ಲಿದ್ದ ಫಿರಂಗಿಯನ್ನು ನೂರು ವರ್ಷಗಳ ಹಿಂದೆಯೇ ಬೇರೆಡೆಗೆ ಸಾಗಿಸಲಾಗಿದೆ. ಅವನಿಗೆ ಫಿರಂಗಿಯ ಸುದ್ದಿ ಹೇಳಿದ್ದ ಪ್ರಯಾಣಿಕನೂ ರೈಲೇ ಬಿಟ್ಟಿದ್ದನೆಂದು ಕಾಣುತ್ತದೆ.

ಅವಳು ಫಲಕವನ್ನು ಪೂರ್ತಿ ಓದಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ಪಕ್ಕದ ಜಾಗ ತಟ್ಟಿದಳು.

"ಬನ್ನಿ, ಕೂತ್ಕೊಳ್ಳಿ."

ಕೂತ. ಎದುರಿಗೆ ಸಮುದ್ರ. ತಾನು ಹೇಳಿದ ಕತೆಗಳಲ್ಲಿ ಅದು ಇಷ್ಟು ದೊಡ್ಡದಿರಲಿಲ್ಲ.

ಮಧ್ಯಾಹ್ನವೆಲ್ಲ ದಡದಲ್ಲೇ ಕಳೆಯಿತು. ಅಲೆ ಬಂದಾಗಲೆಲ್ಲ ಅವನು ಪ್ಯಾಂಟು ಎತ್ತಿಕೊಂಡು ಓಡುವುದು, ಅವಳು ಹೊಟ್ಟೆ ಹಿಡಿದುಕೊಂಡು ನಗುವುದು. ಫಿರಂಗಿಯ ಅಳುಕೂ ಮರೆತುಹೋಯಿತು.

ಸಂಜೆ ಬಸ್ಸಿನ ಬಾಗಿಲಲ್ಲಿ ಅವನು ಪ್ಯಾಂಟಿನ ಮಡಿಕೆಯ ಮರಳು ಕೊಡವಲು ಬಗ್ಗಿದ. ಅವಳು ಕೈ ಹಿಡಿದಳು.

"ಕೊಡವ್ಬೇಡಿ, ಇರ್ಲಿ. ಇಷ್ಟು ವರ್ಷ ನಿಮ್ಮ ಪ್ಯಾಂಟು ಒಗ್ದಿದೀನಿ. ಒಂದು ದಿನನಾದ್ರೂ ಒಂದು ಚೂರು ಮರಳು ಸಿಕ್ಕಿದ್ರೆ ಕೇಳಿ."

ಅವನು ಪೆಚ್ಚಾದ. "ಹಾಗಾದ್ರೆ... ಎಲ್ಲಾ ಗೊತ್ತಿತ್ತಾ? ಮತ್ತೆ ಇಲ್ಲಿಗ್ಯಾಕೆ ಬರ್ಬೇಕು ಅಂದೆ?"

"ಊರಿಗೆಲ್ಲಾ ಸಮುದ್ರ ತೋರ್ಸಿದೋರು ನೀವು. ನಿಮ್ಗೆ ಯಾರ್ರೀ ತೋರಿಸ್ಬೇಕು?"

ಅವನು ಮರಳು ಕೊಡವದೆಯೇ ಬಸ್ಸು ಹತ್ತಿದ. ಕಿಟಕಿ ಪಕ್ಕದ ಸೀಟನ್ನು ಅವಳು ಅವನಿಗೇ ಬಿಟ್ಟುಕೊಟ್ಟಳು.