ನೆಲವಾಗಬೇಕಿದ್ದ ತಾರಸಿ

ನಾನು ಒಂದು ತಾರಸಿ. ಊರು ರಾಣೆಬೆನ್ನೂರು, ಮನೆ ಬಸ್ ಡಿಪೋದ ಮೆಕ್ಯಾನಿಕ್ ಚನ್ನವೀರಪ್ಪನವರದು. ನನಗೆ ಎರಡು ಮುಖ. ಮೇಲಿನದು ಆಕಾಶ ನೋಡುತ್ತದೆ, ಕೆಳಗಿನದು ಮನೆಯೊಳಗಿನ ಸಂಸಾರ ನೋಡುತ್ತದೆ. ಇಷ್ಟು ಸಾಲದೇ ಎಂದು ನೀವು ಕೇಳಬಹುದು. ಸಾಲದು. ಏಕೆಂದರೆ ನನ್ನನ್ನು ಹುಟ್ಟಿಸಿದ್ದು ತಾರಸಿಯಾಗಲೆಂದು ಅಲ್ಲ, ನೆಲವಾಗಲೆಂದು. ನನ್ನ ಮೇಲೊಂದು ಮನೆ ಏಳಬೇಕಿತ್ತು. ಯಾರೋ ಚಾಪೆ ಹಾಸಿ ಮಲಗಬೇಕಿತ್ತು, ಒಂದು ಮಗು ಅಂಬೆಗಾಲಿಡಬೇಕಿತ್ತು. ಕಾದೆ. ಕಾಯುತ್ತಲೇ ಮುದಿಯಾದೆ.

ನಾನು ಹುಟ್ಟಿದ್ದು ಒಂದೇ ಹಗಲಿನಲ್ಲಿ. ಬೆಳಿಗ್ಗೆ ತೆಂಗಿನಕಾಯಿ ಒಡೆದರು. ಆಮೇಲೆ ಮಿಕ್ಸರ್ ಗುಡುಗತೊಡಗಿತು. ಸಿಮೆಂಟು, ಉಸುಕು, ಜಲ್ಲಿ ಎಲ್ಲ ಕಲೆತು ಬುಟ್ಟಿಯಿಂದ ಬುಟ್ಟಿಗೆ, ಕೈಯಿಂದ ಕೈಗೆ ಏಣಿ ಹತ್ತಿ ಬಂದೆ. ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ, ಮೈ ತಟ್ಟಿ ತಟ್ಟಿ ಸಮ ಮಾಡಿದರು. ಚನ್ನವೀರಪ್ಪನವರ ಹೆಂಡತಿ ದಾಕ್ಷಾಯಣಿ ಕೆಲಸದವರಿಗೆಲ್ಲ ಹೋಳಿಗೆ ಊಟ ಮಾಡಿಸಿದ್ದಳು. ಊಟದ ವಾಸನೆಗೆ ಅವರ ಕೈಗಳು ಬೇಗ ಬೇಗ ಓಡುತ್ತಿದ್ದವು.

ಗೌಂಡಿ ಮೌಲಾಸಾಬ್ ಕೊನೆಯಲ್ಲಿ ಮಟ್ಟದ ಕೋಲು ಹಿಡಿದು ಕೇಳಿದ, "ಸಾಹೇಬ್ರ, ನೀರು ಹರಿಯಾಕ ವಾಟ ಎತ್ತಾಗ ಕೊಡ್ಲಿ?"

ಚನ್ನವೀರಪ್ಪ ಬಾಯಿ ತೆರೆಯುವ ಮೊದಲೇ ದಾಕ್ಷಾಯಣಿ ಹೇಳಿದಳು. "ವಾಟ ಯಾಕ? ಇದು ನಾಳೆ ನಮ್ಮ ಪಾರೂನ ಮನಿ ನೆಲ. ನೆಲ ಯಾರಾದ್ರೂ ಓರೆ ಮಾಡ್ತಾರೇನು?"

ಮೌಲಾಸಾಬ್ ನಕ್ಕು ನನ್ನನ್ನು ತಟ್ಟೆಯ ಹಾಗೆ ಸಮ ಮಾಡಿಬಿಟ್ಟ. ನಾಲ್ಕೂ ಮೂಲೆಗಳಲ್ಲಿ ಕಂಬದ ಸರಳುಗಳನ್ನು ಎದೆಯೆತ್ತರಕ್ಕೆ ಹಾಗೆಯೇ ಬಿಟ್ಟ. ಮೇಲಿನ ಮನೆಯ ಕಂಬಗಳು ಅವುಗಳ ಮೇಲೇ ನಿಲ್ಲಬೇಕಲ್ಲ. ನಮ್ಮ ಓಣಿಯ ತಾರಸಿಗಳಲ್ಲೆಲ್ಲ ಹೀಗೆ ಸರಳುಗಳು ನಿಂತಿರುತ್ತವೆ. ಒಂದೊಂದು ಮನೆಯವರ ಆಸೆ ಎಷ್ಟು ಅಂತಸ್ತಿನದು ಎಂದು ದೂರದಿಂದಲೇ ಹೇಳಬಹುದು.

ಪಾರು ಎಂದರೆ ಪಾರ್ವತಿ, ದಾಕ್ಷಾಯಣಿಯ ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ಜಡೆ ಹೆಣೆದು, ಬೈದು, ಮುದ್ದು ಮಾಡಿ ಅವಳನ್ನು ಬೆಳೆಸಿದ್ದಳು. ಕೆಳಗೆ ಅಕ್ಕ, ಮೇಲೆ ತಂಗಿ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮರುದಿನ ನನ್ನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದಾಗ ಇಬ್ಬರೂ ಸೀರೆ ಎತ್ತಿ ಕಟ್ಟಿ ಆ ನೀರಿನಲ್ಲಿ ನಿಂತರು. ಮನೆಯವರಲ್ಲಿ ನನ್ನನ್ನು ಮೊದಲು ಮುಟ್ಟಿದ ಪಾದಗಳು ಅವು. ಇನ್ನೂ ಸರಿಯಾಗಿ ಗಟ್ಟಿಯಾಗದ ನಾನು, ಇವರಿಗಾಗಿ ಗಟ್ಟಿಯಾಗಬೇಕು ಎಂದುಕೊಂಡೆ.

ನೀರು ಒಣಗಿದ ಮೇಲೆ ಪಾರು ಸೀಮೆಸುಣ್ಣ ತಂದು ನನ್ನ ಮೇಲೆ ತನ್ನ ಮನೆ ಬರೆದಳು. ಮೂಡಣಕ್ಕೆ ಅಡುಗೆಮನೆ, ಪಕ್ಕದಲ್ಲಿ ದೇವರ ಖೋಲಿ. ಬಾಗಿಲು ಮಾತ್ರ ಮೆಟ್ಟಿಲಿಗೆ ಬೆನ್ನು ಹಾಕಿತ್ತು. ಸುತ್ತಿ ಬರಬೇಕು. ದಾಕ್ಷಾಯಣಿ ನೆಟ್ಟಗೆ ನಡೆದು ಬಂದಾಗ ಪಾರು ಕೂಗಿದಳು. "ಏ ಯಕ್ಕಾ, ಗ್ವಾಡಿ ದಾಟಿ ಬರ್ತೀಯಲ್ಲ! ಬಾಗಲದಾಗಿಂದ ಬಾ!" ದಾಕ್ಷಾಯಣಿ ನಗುತ್ತ ಹಿಂದೆ ಹೋಗಿ, ಸುತ್ತಿ, ಬಾಗಿಲಿನಿಂದ ಒಳಗೆ ಬಂದಳು.

ಪಾರುವನ್ನು ಸಿಂಧನೂರಿಗೆ ಕೊಟ್ಟರು. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಬಾಡಿಗೆ ಮನೆ, ಅದೂ ಆಗಾಗ ಬದಲಾಗುವ ಮನೆ. ತಾಯಿಯಿಲ್ಲದ ಹೆಣ್ಣಿಗೆ ಅಕ್ಕನ ಮನೆಯೇ ತವರು. ಪ್ರತಿ ವರ್ಷ ನಾಗರ ಪಂಚಮಿಗೆ ಬರುತ್ತಿದ್ದಳು. ಉಂಡಿ ಕಟ್ಟಿ ಮುಗಿದ ಮೇಲೆ ಇಬ್ಬರೂ ಮೇಲೆ ಬರುತ್ತಿದ್ದರು. ಹೋದ ವರ್ಷದ ಗೆರೆಗಳನ್ನು ಮಳೆ ತೊಳೆದಿರುತ್ತಿತ್ತು, ಪಾರು ಮತ್ತೆ ಬರೆಯುತ್ತಿದ್ದಳು. ಒಂದು ವರ್ಷ ತೊಟ್ಟಿಲಿಗೆ ಜಾಗ ಮಾಡಿದಳು, ಮುಂದೆ ಮಕ್ಕಳು ಓದಲು ಒಂದು ಮೂಲೆ.

"ಬಾಡಿಗಿ ಮನ್ಯಾಗ ಒಂದು ಮೊಳಿ ಹೊಡೀಬೇಕಂದ್ರೂ ಮಾಲಕರನ್ನ ಕೇಳ್ಬೇಕು ಯಕ್ಕಾ. ಇಲ್ಲಿ ನಾ ಎಲ್ಲಿ ಬೇಕಾದಲ್ಲಿ ಹೊಡೀತೀನಿ ನೋಡು" ಎನ್ನುತ್ತಿದ್ದಳು.

"ಹೊಡಿಯವ್ವ, ಗ್ವಾಡಿ ತುಂಬ ಹೊಡಿ" ಎನ್ನುತ್ತಿದ್ದಳು ದಾಕ್ಷಾಯಣಿ.

ಗೋಡೆ ಏಳಲೇ ಇಲ್ಲ. ಒಂದು ವರ್ಷ ದಾಕ್ಷಾಯಣಿಯ ಮಗಳ ಮದುವೆ, ಒಂದು ವರ್ಷ ಚನ್ನವೀರಪ್ಪನವರ ಆಪರೇಶನ್, ಮತ್ತೊಂದು ವರ್ಷ ಮತ್ತೊಂದು. ಪಾರು ಊರಿಗೆ ಹೊರಟ ಮೇಲೆ ಗೆರೆಗಳಷ್ಟೇ ಉಳಿಯುತ್ತಿದ್ದವು. ಮುಂದಿನ ಮಳೆ ಅವುಗಳನ್ನು ಅಳಿಸುವಾಗ ನನಗೆ ಬಹಳ ಬೇಜಾರಾಗುತ್ತಿತ್ತು.

ಈಗ ಮಳೆಯ ವಿಷಯ ಹೇಳಬೇಕು. ವಾಟವಿಲ್ಲದ ನನ್ನ ಮೇಲೆ ಬಿದ್ದ ನೀರು ಎತ್ತ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಿತ್ತು. ಒಂದು ಮೂಲೆ ತುಸು ತಗ್ಗಿತ್ತು, ಅಲ್ಲೇ ಹೆಚ್ಚು ನಿಲ್ಲುತ್ತಿತ್ತು. ಸರಳುಗಳಿಗೆ ಚನ್ನವೀರಪ್ಪ ಬಾಟಲಿಗಳನ್ನು ಬೋರಲು ಹಾಕಿದ್ದರು. ತಲೆಗೆ ಟೋಪಿ ಹಾಕಿದರೆ ಕಾಲು ನೆನೆಯದೇ ಇರುತ್ತದೆಯೇ? ಬುಡದಲ್ಲಿ ತುಕ್ಕು ಹಿಡಿಯಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ನನ್ನ ಮೈ ಸೀಳಿತು. ಸೀಳಿನಲ್ಲಿ ನೀರು ಇಳಿಯಿತು. ಆ ಮೂಲೆಯ ಕೆಳಗಿದ್ದ ಖೋಲಿ ಪಾರುವಿನದು, ಅವಳು ಪಂಚಮಿಗೆ ಬಂದಾಗ ಮಲಗುತ್ತಿದ್ದ ಖೋಲಿ. ನನ್ನ ಮೊದಲ ಹನಿ ಬಿದ್ದದ್ದು ಅವಳ ದಿಂಬಿನ ಮೇಲೆ. ಒಳಗಿನ ನನ್ನ ಕಬ್ಬಿಣ ನಾಚಿಕೆಯಿಂದಲೇ ಕೆಂಪಾಯಿತು ಎನ್ನಿ.

ಚನ್ನವೀರಪ್ಪ ಹೆದರುವವರಲ್ಲ. "ಇದು ಇಂಜಿನ್ ಆಯಿಲ್ ಸೋರಿದಂಗ. ಮ್ಯಾಲೊಂದು ಗ್ಯಾಸ್ಕೆಟ್ ಕೂಡ್ಸಿದ್ರ ಮುಗೀತು" ಎಂದು ಸಿಮೆಂಟಿನ ತಿಳಿ ಬಳಿದರು. ಮುಂದಿನ ಮಳೆಗೆ ಸೋರಿತು. ಡಾಂಬರು ಕಾಯಿಸಿ ಹಚ್ಚಿದರು. ಬೇಸಿಗೆಯಲ್ಲಿ ನಾನು ಬೆಂದುಹೋದೆ, ಬೆಕ್ಕಿನ ಕಾಲು ಅಂಟಿಕೊಂಡು ರಾದ್ಧಾಂತವಾಯಿತು, ಮಳೆಗೆ ಮತ್ತೆ ಸೋರಿತು. ತಾಡಪಾಲು ಹೊದಿಸಿದರು, ಗಾಳಿ ಅದನ್ನು ಪಕ್ಕದ ಓಣಿಗೆ ಒಯ್ದಿತು. ಬಿಳಿ ಬಣ್ಣದ ಡಬ್ಬಿಗಳನ್ನು ತಂದು ಸುರಿದರು. ಸರಳಿನ ಬುಡವೊಂದನ್ನು ಬಿಟ್ಟು ನನ್ನ ಮೈಯೆಲ್ಲ ಔಷಧ ಕಂಡಿತು.

ಸರಳಿನಿಂದಲೇ ಸೋರುತ್ತದೆಂದು ಯಾರಿಗೆ ಗೊತ್ತಿರಲಿಲ್ಲ? ಚನ್ನವೀರಪ್ಪನವರಿಗೂ ಗೊತ್ತಿತ್ತು. ಮೌಲಾಸಾಬ್ ಬಂದು ನೋಡಿ, "ಸರಳು ಕೊಯ್ದು ಬುಡ ಮುಚ್ಚಿ, ವಾಟ ಕೊಟ್ರ ನಿಂದ್ರತೈತ್ರಿ. ಹಿಂಗ ಬಿಟ್ರ ತುಕ್ಕು ಒಳಗಿನ ಕಬ್ಬಿಣ ತಿಂದು ಸ್ಲ್ಯಾಬೇ ಬೀಳ್ತೈತಿ" ಎಂದ.

ದಾಕ್ಷಾಯಣಿ ಒಪ್ಪಲಿಲ್ಲ. "ಸರಳು ಮುಟ್ಟಬ್ಯಾಡ್ರಿ. ಸರಳು ಹೋದ್ರ ನಮ್ಮ ಪಾರೂನ ಮನಿ ಹೋತು."

ನಿಮಗೆ ವಿಚಿತ್ರವೆನಿಸಬಹುದು, ನನಗೆ ಸಂತೋಷವಾಯಿತು. ಸರಳುಗಳಿರುವ ತನಕ ನಾನು ಇನ್ನೂ ನೆಲವಾಗಬಲ್ಲೆ. ಮೈ ಸೀಳಿದರೂ ಪರವಾಗಿಲ್ಲ, ಆಸೆ ಇರಲಿ ಎಂದುಕೊಂಡೆ.

ಪಾರುವಿನ ಖೋಲಿಗೆ ಮೊದಲು ಬಕೆಟ್ ಬಂತು, ಆಮೇಲೆ ಮಂಚ ಹೊರಗೆ ಹೋಯಿತು. ಒಂದು ಮಳೆಗಾಲ ನನ್ನ ಕೆಳಮೈಯ ಗಿಲಾವು ದೊಡ್ಡ ಹೆಂಟೆಯಾಗಿ ಕಳಚಿ ಬಿತ್ತು. ಖೋಲಿಗೆ ಚಿಲಕ ಹಾಕಿದರು. ಅಲ್ಲಿಂದ ಮುಂದೆ ಪಾರು ಪಂಚಮಿಗೆ ಬಂದರೆ ಪಡಸಾಲೆಯಲ್ಲಿ ಮಲಗಿ, ಮರುದಿನವೇ ಹೊರಡುತ್ತಿದ್ದಳು.

ಹೀಗಿರುವಾಗ ಅವಳ ಗಂಡ ತೀರಿಕೊಂಡ. ಮುಂದಿನ ಪಂಚಮಿಗೆ ಅವಳು ಬಂದಾಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಕ್ಕಳು ದುಡಿಯಲು ದೂರದ ಊರು ಸೇರಿದ್ದರು, ಸಿಂಧನೂರಿನ ಮನೆಯ ಮಾಲಕರು ಖಾಲಿ ಮಾಡಲು ಹೇಳಿದ್ದರು. ಅದನ್ನು ಅವಳು ಅಕ್ಕನಿಗೆ ಹೇಳಿದ್ದು ನನ್ನ ಮೇಲೆ ಕೂತು, ಆ ಮೂಲೆಯ ಸರಳುಗಳ ಪಕ್ಕದಲ್ಲಿ. ಸೀಮೆಸುಣ್ಣ ತಂದಿರಲಿಲ್ಲ.

ದಾಕ್ಷಾಯಣಿ ತಟ್ಟನೆ, "ಈ ಸಲ ಕಟ್ಟಿಸೇ ಬಿಡ್ತೀವಿ ಪಾರೂ. ಒಂದು ವರ್ಷ ತಡಿ, ಮ್ಯಾಲೆ ಬಂದು ಇದ್ದುಬಿಡು" ಎಂದಳು.

ಪಾರು ಒಂದು ಸರಳನ್ನು ಹಿಡಿದಳು. ತುಕ್ಕು ಅಂಗೈಗೆ ಬಂತು. ಅದನ್ನೇ ನೋಡುತ್ತ ಹೇಳಿದಳು. "ಯಕ್ಕಾ, ಇವನ್ನ ಕೊಯ್ಸು."

"ಹುಚ್ಚೀ, ನಿನ್ನ ಮನಿ ಅದು."

"ನನಗ ಮ್ಯಾಲಿನ ಮನಿ ಬ್ಯಾಡ. ಕೆಳಗಿನ ಖೋಲಿ ಸೋರಲಾರದಂಗ ಮಾಡು, ನಾಳೇನ ಗಂಟು ಕಟ್ಕೊಂಡು ಬರ್ತೀನಿ. ಮ್ಯಾಲಿನ ಮನಿ ಕಾಯ್ಕೋಂತ ಕೂತು ಕೆಳಗಿನ ಜಾಗಾನೂ ಕಳಕೊಂಡ್ವಲ್ಲ. ಇನ್ನೆಷ್ಟು ಪಂಚಮಿ ಐತಿ ನಮಗ?"

ದಾಕ್ಷಾಯಣಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ ಎನ್ನಬಹುದು, ಅಂದೂ ಕೆಳಗೆ ಹನಿ ಬಿತ್ತು.

ಮಳೆ ಹಿಂದೆ ಸರಿದು ದಸರೆ ಮುಗಿದ ಮೇಲೆ ಮೌಲಾಸಾಬ್ ಬಂದ. ಅವನ ಗಡ್ಡವೂ ಹಣ್ಣಾಗಿತ್ತು. ಯಂತ್ರ ಕಿರುಚಿತು, ಕಿಡಿ ಹಾರಿತು, ನಾಲ್ಕು ಮೂಲೆಗಳ ಸರಳುಗಳೂ ಬುಡಕ್ಕೇ ತುಂಡಾಗಿ ಬಿದ್ದವು. ಅವುಗಳ ಸದ್ದು ಕೇಳಿ ದಾಕ್ಷಾಯಣಿ ಒಳಗೆ ಹೋಗಿ ಕೂತಳು. ಸಡಿಲವಾದ ಕಾಂಕ್ರೀಟು ಕೆತ್ತಿ ತೆಗೆದರು, ತುಕ್ಕನ್ನು ಕಬ್ಬಿಣ ಹೊಳೆಯುವ ತನಕ ಉಜ್ಜಿದರು, ತುಕ್ಕು ತಡೆಯುವ ಬಣ್ಣ ಹಚ್ಚಿ ಗಟ್ಟಿ ಗಾರೆ ತುಂಬಿದರು. ಕೆಳಗಿನ ಮೈಗೂ ಹಾಗೆಯೇ ಮಾಡಿದರು. ಕೊನೆಗೆ ಮೌಲಾಸಾಬ್ ಅದೇ ಹಳೆಯ ಪ್ರಶ್ನೆ ಕೇಳಿದ, "ವಾಟ ಎತ್ತಾಗ ಕೊಡ್ಲಿ?" ಈ ಸಲ ದಾಕ್ಷಾಯಣಿ ಸುಮ್ಮನೆ ಕೈ ತೋರಿಸಿದಳು.

ನಾನು ಓರೆಯಾದೆ. ಬೇರೆಯವರ ಕಣ್ಣಿಗೆ ಕಾಣದಷ್ಟು ಓರೆ, ನನಗೆ ಮಾತ್ರ ಚೆನ್ನಾಗಿ ಗೊತ್ತು. ಇನ್ನು ನಾನು ಯಾರ ಮನೆಯ ನೆಲವೂ ಆಗುವುದಿಲ್ಲ. ಆ ದುಃಖವನ್ನು ನಿಮ್ಮಿಂದ ಮುಚ್ಚಿಡಲಾರೆ.

ಗಾರೆ ಗಟ್ಟಿಯಾದ ಮೇಲೆ ಪರೀಕ್ಷೆಗೆಂದು ನೀರು ಹೊರಗೆ ಬೀಳುವ ದೋಣಿಗೆ ಬಟ್ಟೆ ತುರುಕಿ ನೀರು ನಿಲ್ಲಿಸಿದರು. ಅಕ್ಕ, ಇದನ್ನು ನೋಡಲೆಂದೇ ಸಿಂಧನೂರಿನಿಂದ ಬಂದಿದ್ದ ತಂಗಿ, ಇಬ್ಬರೂ ಮೇಲೆ ಬಂದು, ಸೀರೆ ತುಸು ಎತ್ತಿ, ಆ ನೀರಿನಲ್ಲಿ ನಿಂತರು. ಒಡೆದ ಹಿಮ್ಮಡಿಗಳು, ಬಾತ ಗಂಟುಗಳು. ಆದರೂ ಪಾದಗಳನ್ನು ನಾನು ಗುರುತು ಹಿಡಿದೆ. ಕೆಳಗೆ ಚನ್ನವೀರಪ್ಪ ಕತ್ತು ನೋಯುವ ತನಕ ನನ್ನನ್ನೇ ನೋಡುತ್ತ ನಿಂತಿದ್ದು, ಕೊನೆಗೆ ಕೂಗಿದರು, "ಒಂದ್ ಹನಿ ಇಲ್ರವಾ! ಒಣಾ ಒಣಾ!"

ಮುಂದಿನ ವಾರವೇ ಪಾರು ಗಂಟು ಕಟ್ಟಿಕೊಂಡು ಬಂದಳು. ಬಂದ ದಿನವೇ ಖೋಲಿಯ ಗೋಡೆಗೆ ಒಂದು ಮೊಳೆ ಹೊಡೆದಳು. ಯಾರನ್ನೂ ಕೇಳಲಿಲ್ಲ. ಆ ಪೆಟ್ಟಿನ ಸದ್ದು ಗೋಡೆ ಹತ್ತಿ ನನ್ನ ತನಕ ಬಂದಾಗ ಬಹಳ ಹಿತವೆನಿಸಿತು.

ಈಗ ನನಗೆ ವಯಸ್ಸಾಗಿದೆ. ಮಳೆ ಬಂದರೆ ನೀರು ನನ್ನ ಮೇಲೆ ನಿಲ್ಲದೆ ಹರಿದುಹೋಗುತ್ತದೆ. ಹೊಸ ಗಾರೆಯ ಮೇಲೆ ಬಳಿದ ಬಿಳಿ ಲೇಪದಲ್ಲಿ ಸೀಮೆಸುಣ್ಣ ಕಾಣುವುದಿಲ್ಲ, ಪಾರು ಬರೆಯುವುದೂ ಇಲ್ಲ. ಮೊನ್ನೆ ಬೆಳಿಗ್ಗೆ ಶೇಂಗಾ ಒಣಗಿಸಲು ಬಂದಳು. ಮೆಟ್ಟಿಲು ಹತ್ತಿ ನೆಟ್ಟಗೆ ಬರಬಹುದಿತ್ತು. ಬರಲಿಲ್ಲ. ನೋಯುವ ಮೊಣಕಾಲು ಎಳೆಯುತ್ತ ಸುತ್ತಿ ಹೋಗಿ, ಬಾಗಿಲಿದ್ದ ಜಾಗದಿಂದ ಒಳಗೆ ಬಂದು, ಅಡುಗೆಮನೆಯಲ್ಲಿ ಕೂತಳು. ಹಿಂದೆಯೇ ದಾಕ್ಷಾಯಣಿ ಮೊರ ಹಿಡಿದು ಬಂದಳು. ನೆಟ್ಟಗೆ ನಡೆದವಳು ನಡುವೆ ಗಕ್ಕನೆ ನಿಂತಳು. ಅಕ್ಕ ನಾಲಿಗೆ ಕಚ್ಚಿಕೊಂಡು ಹಿಂದೆ ಹೋದಳು, ಸುತ್ತಿದಳು, ಬಾಗಿಲಿನಿಂದ ಒಳಗೆ ಬಂದು ಅವಳ ಪಕ್ಕದಲ್ಲಿ ಕೂತಳು.

ಶೇಂಗಾ ಒಣಗುವ ತನಕ ಇಬ್ಬರೂ ಅಲ್ಲಿ ಕೂತಿದ್ದರು. ಅಷ್ಟು ಹೊತ್ತು ನಾನು ನೆಲವಾಗಿದ್ದೆ.