ನಾರು ಸುತ್ತುವ ಪಕೀರಮ್ಮ

ಮಸ್ಕಿಗೆ ಎರಡು ಹರದಾರಿ ದೂರದ ಆ ಕೇರಿಯಲ್ಲಿ ಯಾರ ಕಾಲಿಗೆ ನಾರುಹುಣ್ಣು ಎದ್ದರೂ ಪಕೀರಮ್ಮನ ಹತ್ತಿರ ಬರುತ್ತಿದ್ದರು. ಅತ್ತೆಯಿಂದ ಕಲಿತ ವಿದ್ಯೆ. ಬೊಬ್ಬೆ ಬೆಂಕಿಯಂತೆ ಉರಿಯುವಾಗ ಅವರನ್ನು ಕೇರಿಯವರು ಕುಡಿಯುವ ನೀರಿನ ಪಾವಟಿಗೆ ಬಾವಿಯ ಕೆಳಗಿನ ಮೆಟ್ಟಿಲ ಮೇಲೆ ಕೂಡಿಸಿ, ಕಾಲು ನೀರಿಗೆ ಇಳಿಬಿಡಿಸುತ್ತಿದ್ದಳು. ಉರಿ ತಣ್ಣಗಾಗುತ್ತಿತ್ತು. ಬೊಬ್ಬೆ ಒಡೆದು ಬಿಳಿ ದಾರದಂಥ ಹುಳದ ತುದಿ ಕಂಡರೆ ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಷ್ಟು ಹೊರಗೆ ತರುತ್ತಿದ್ದಳು. ಎರಡು ಮೊಳದ ಹುಳ ಪೂರ್ತಿ ಬರಲು ಇಪ್ಪತ್ತು ದಿನವಾದರೂ ಬೇಕು. ಜಗ್ಗಿದರೆ ಹರಿಯುತ್ತದೆ, ಹರಿದರೆ ಒಳಗೇ ಕೊಳೆಯುತ್ತದೆ.

೧೯೫೪ರ ಮುಂಗಾರಿನಲ್ಲಿ ಮಗ ಮುದುಕಪ್ಪನ ಮೊಣಕಾಲಿಗೆ ನಾರು ಎದ್ದಿತು. ಕಡ್ಡಿಗೆ ಸುತ್ತತೊಡಗಿದ ಒಂಬತ್ತನೆಯ ದಿನ ಹದವಾದ ಮಳೆ ಬಿತ್ತು. ಹೊಲದ ಧಣಿ ಬಿತ್ತಲು ಹೇಳಿಕಳಿಸಿದ.

"ಹೋಗಬ್ಯಾಡೋ," ಎಂದಳು ಪಕೀರಮ್ಮ.

"ಇವತ್ತ ಹೋಗಲಿಲ್ಲಂದ್ರ ನಾಳಿ ಬ್ಯಾರೇದವನ್ನ ಇಟಗೊಂತಾನ ಬೇ," ಎಂದು ಕುಂಟುತ್ತಾ ಹೋದ.

ಕೂರಿಗೆಯ ಹಗ್ಗ ತಾಗಿ ಹುಳ ಹರಿಯಿತು. ವಾರದಲ್ಲಿ ಕಾಲು ಬಾತು ಕರ್ರಗಾಯಿತು. ಪಕೀರಮ್ಮ, ಸೊಸೆ ಜೋಗಮ್ಮ ಸೇರಿ ಅವನನ್ನು ಬಂಡಿಯಲ್ಲಿ ಲಿಂಗಸುಗೂರಿನ ದವಾಖಾನೆಗೆ ಒಯ್ದರು.

"ಕೀವು ಎಲುಬಿಗೆ ಇಳದೈತಿ," ಎಂದರು ಡಾಕ್ಟರು. "ನಂಜು ಮೈಗೆಲ್ಲಾ ಏರೂಕಿಂತ ಮೊದಲ ಕಾಲು ತೆಗೀಬೇಕು. ಮೂಗಿಗೆ ಔಷಧ ಹಿಡಿದು ಮಲಗಿಸ್ತೀವಿ, ನೋವು ಗೊತ್ತಾಗಂಗಿಲ್ಲ."

ಜೋಗಮ್ಮ ಅತ್ತಳು. ಪಕೀರಮ್ಮ ಕೇಳಿದಳು: "ಈ ಹುಳ ಎಲ್ಲಿಂದ ಬರ್ತೈತ್ರೀ ಸಾಹೇಬ್ರ?"

"ಕುಡಿಯೋ ನೀರಿಂದ. ನಾರು ಎದ್ದ ಕಾಲು ನೀರಿಗಿಟ್ಟ ಕೂಡ್ಲೇ ಹುಳ ಸಾವಿರಾರು ಮರಿ ಬಿಡತೈತಿ. ನೀರಾಗಿನ ಕಣ್ಣಿಗೆ ಕಂಡೂ ಕಾಣದಂಥ ಕ್ರಿಮಿ ಅವನ್ನ ನುಂಗ್ತಾವ. ಆ ನೀರು ನೀವು ಸೋಸದೇ ಕುಡೀತೀರಿ. ಮೈಯಾಗ ಒಂದು ವರ್ಷ ಬೆಳದು ಮತ್ತ ಕಾಲಾಗ ಬರ್ತೈತಿ."

"ಹಂಗಾರ ಬಾವ್ಯಾಗ ಕಾಲು ಇಡಿಸಬಾರದಿತ್ತೇನ್ರೀ?"

"ಯಾರು ಇಡಿಸಿದ್ರು?"

ಜೋಗಮ್ಮ ಅಳು ನಿಲ್ಲಿಸಿ ಅತ್ತೆಯ ಮುಖ ನೋಡಿದಳು.

ಒಂದೇ ಕಾಲಿನ ಮಗನೊಂದಿಗೆ ಊರಿಗೆ ಬಂದ ದಿನ, ಪಕ್ಕದ ಮನೆಯ ಗಾಳೆಪ್ಪ ನಾರು ಎದ್ದ ಕಾಲನ್ನು ಬಾವಿಯಲ್ಲಿ ಇಳಿಬಿಟ್ಟು ಅವಳಿಗಾಗಿ ಕಾಯುತ್ತಿದ್ದ. ಪಕೀರಮ್ಮ ಅವನ ರಟ್ಟೆ ಹಿಡಿದು ಎಳೆದಳು.

"ಮ್ಯಾಲ ಏಳೋ! ಮೂವತ್ತು ವರ್ಷ ನಾನಾ ಈ ಕೇರಿಗೆ ನಾರು ಕುಡಿಸೀನಿ!"

"ಮಗನ ಕಾಲು ಹೋಗಿ ತಲಿ ಕೆಟ್ಟೈತಿ ಪಾಪ," ಎಂದರು ಕೊಡ ಹಿಡಿದು ನಿಂತ ಹೆಂಗಸರು. ಗಾಳೆಪ್ಪ ಕಾಲನ್ನು ಮತ್ತೆ ನೀರಿಗೆ ಬಿಟ್ಟ.

ಅಂದಿನಿಂದ ಜೋಗಮ್ಮ ಹಳೆಯ ಸೀರೆ ನಾಲ್ಕು ಪದರು ಮಡಚಿ ನೀರು ಸೋಸತೊಡಗಿದಳು. ಅತ್ತೆಯ ಜೊತೆ ಮಾತು ಬಿಟ್ಟಳು. ಆದರೆ ಅದಕ್ಕೂ ಮೊದಲು ಕುಡಿದ ನೀರು ಮೈಯೊಳಗೇ ಇತ್ತು. ಮರುವರ್ಷ ಬೇಸಿಗೆಯಲ್ಲಿ ಕೇರಿಯ ಹನ್ನೊಂದು ಮಂದಿಗೆ ನಾರು ಎದ್ದಿತು. ಅವರಲ್ಲಿ ಮುದುಕಪ್ಪನ ಆರು ವರ್ಷದ ಮಗಳು ಆದೆಮ್ಮನೂ ಒಬ್ಬಳು.

ಜೋಗಮ್ಮ ಮಗಳನ್ನು ಎತ್ತಿ ತಂದು ಅತ್ತೆಯ ಮುಂದೆ ಕೂಡಿಸಿದಳು.

"ನನ್ನ ಕೈಲಿ ಆಗಂಗಿಲ್ಲವ್ವಾ," ಎಂದಳು ಪಕೀರಮ್ಮ.

"ಮತ್ಯಾರಿಗೆ ಬರ್ತೈತಿ? ನೀನಾ ಸುತ್ತಬೇಕು."

ಇಪ್ಪತ್ತೆರಡು ದಿನ ಸುತ್ತಿದಳು. ಹುಳ ಪೂರ್ತಿ ಬಂತು. ಉಳಿದ ಹತ್ತು ಮಂದಿಯ ಮನೆಗೂ ತಾನೇ ಹೋಗಿ, "ಬಾವಿಗೆ ಇಳೀಬ್ಯಾಡ್ರಿ, ಇಲ್ಲೇ ಸುತ್ತತೀನಿ," ಎಂದು ಕೈಮುಗಿದಳು. ಏಳು ಮಂದಿ ಒಪ್ಪಿದರು. ಮೂವರು ಉರಿ ತಾಳಲಾರದೆ ಬಾವಿಗೇ ಇಳಿದರು.

ಅದರ ಮುಂದಿನ ವರ್ಷ ಹದಿನಾಲ್ಕು ಮಂದಿಗೆ ನಾರು ಎದ್ದಿತು.