ಮಾವನ ಬೆವರಿನ ಅಂಗಿ

ದುರ್ವಾಲಿನೊ ಯಾರನ್ನೂ ನಂಬುವವನಲ್ಲ. ಜೀವಮಾನವಿಡೀ ನದಿಯಲ್ಲಿ ದೋಣಿ ನಡೆಸಿದವನು. ಸುಮ್ಮನಿದ್ದಂತೆ ಕಾಣುವ ನೀರಿನ ಕೆಳಗೇ ಮರಳ ದಿಬ್ಬ ಕಾದು ಕೂತಿರುತ್ತದೆಂದು ಕಲಿತವನು. ಬೇರೆಯವರು ಕಟ್ಟಿದ ಗಂಟನ್ನು ತಾನೊಮ್ಮೆ ಎಳೆದು ನೋಡದೆ ಜೋಲಿಯಲ್ಲಿ ಮಲಗಿದವನೇ ಅಲ್ಲ. ಅಂಥವನು ಹಾವು ಕೊಳ್ಳಲು ಹೋದರೆ ಮಾರುವವರ ಗತಿ ಏನಾಗಬೇಡ.

ಬೆಲೇಮ್ ಊರಾಚೆ ಎಲ್ಜಾ ಎಂಬ ಹೆಂಗಸು ಸರ್ಕಾರದ ಪರವಾನಗಿ ಪಡೆದು ಹೆಬ್ಬಾವಿನಂಥ ಜಿಬೊಯ ಹಾವುಗಳನ್ನು ಸಾಕಿ ಮರಿಗಳನ್ನು ಮಾರುತ್ತಿದ್ದಳು. ದುರ್ವಾಲಿನೊ ಒಂದು ಮರಿಯನ್ನು ಎತ್ತಿಸಿ ಕಣ್ಣಿನ ಸುತ್ತ ಉಣ್ಣಿ ಇದೆಯೇ ನೋಡಿದ. ಬಾಯಲ್ಲಿ ಜೊಲ್ಲು ಕಟ್ಟಿದೆಯೇ ನೋಡಿದ. ಬೆರಳಿಗೆ ಸುತ್ತಿಸಿಕೊಂಡು ಹಿಡಿತ ಎಷ್ಟು ಬಿಗಿ ಎಂದು ನೋಡಿದ. ಆಮೇಲೆ ಅದೆಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ನೋಡಿದ.

"ಅಜ್ಜ, ನೀವು ಹೆಣ್ಣು ನೋಡೋಕೆ ಬಂದಿದ್ದೀರೋ, ಹಾವು ನೋಡೋಕೋ?" ಎಂದಳು ಎಲ್ಜಾ.

"ಹೆಣ್ಣಾಗಿದ್ರೆ ಇಷ್ಟು ನೋಡ್ತಿರ್ಲಿಲ್ಲ. ಕಾಡಿಂದ ಹಿಡ್ಕೊಂಡು ಬಂದಿದ್ದಲ್ಲ ತಾನೆ ಇದು?"

"ಚರ್ಮದ ಕೆಳಗೆ ಸರ್ಕಾರಿ ನಂಬರಿನ ಚಿಪ್ ಇದೆ. ಈ ಕೋಣೇಲೇ ಹುಟ್ಟಿದ್ದು."

"ಚಿಪ್ ಹಾಕೋದೇನು ದೊಡ್ಡ ವಿಷಯ," ಎಂದ ದುರ್ವಾಲಿನೊ. ಆದರೂ ಕೊಂಡ. ಅದಕ್ಕೆ ಮೋಸ ಎಂದು ಹೆಸರಿಟ್ಟ. ಅಲ್ಲಿನ ಮಾತಿನಲ್ಲಿ ಮೋಸ ಎಂದರೆ ಹುಡುಗಿ. ನಮ್ಮ ಕಿವಿಗೆ ಬೇರೇನೋ ಕೇಳಿಸಿದರೆ ಅದಕ್ಕೆ ಮುದುಕನೇನು ಮಾಡಿಯಾನು.

ಅವನಿಗೆ ಹಾವು ಯಾಕೆ ಬೇಕಾಯಿತೆಂದರೆ, ಹೆಂಡತಿ ಸತ್ತ ಮೇಲೆ ಅವನಿದ್ದದ್ದು ಮಗಳು ಜುರೆಮಾಳ ಮನೆಯಲ್ಲಿ. ಮನೆ ಅಳಿಯ ಜೆನೇಸಿಯುವಿನದು. ಕೆಳಗೆ ಅಳಿಯನ ಅಸಾಯಿ ಹಣ್ಣು ಅರೆಯುವ ಅಂಗಡಿ, ಮೇಲೆ ವಾಸ, ಹಿಂದಿನ ಕೋಣೆಯಲ್ಲಿ ಮುದುಕನ ಜೋಲಿ. ಒಂದು ದಿನ ಅಳಿಯ "ಫ್ರೀಜರ್‌ಗೆ ಜಾಗ ಸಾಲಲ್ಲ, ಹಿಂದಿನ ಕೋಣೆ..." ಎನ್ನುತ್ತಿದ್ದವನು ಮಾವನನ್ನು ಕಂಡೊಡನೆ ಮಾತು ನುಂಗಿದ. ಅವತ್ತಿನಿಂದ ದುರ್ವಾಲಿನೊವಿಗೆ ಅನ್ನ ಸೇರಲಿಲ್ಲ. ತನ್ನನ್ನು ಹೊರಗೆ ಹಾಕುತ್ತಾರೆಂದು ಅವನ ಮನಸ್ಸು ಗಟ್ಟಿಯಾಗಿ ಹೇಳಿತು. ಅಸಾಯಿ ಜೊತೆ ತಿನ್ನಲೆಂದು ಅಂಗಡಿಯಲ್ಲಿಟ್ಟಿದ್ದ ಹಿಟ್ಟಿನ ಮೂಟೆಗಳಿಗೆ ಇಲಿ ಕಾಟವಿತ್ತು. ಅಟ್ಟದಲ್ಲಿ ಜಿಬೊಯ ಇದ್ದ ಮನೆಗೆ ಇಲಿ ಬರುವುದಿಲ್ಲ. ಆ ಜಿಬೊಯ ತನ್ನೊಬ್ಬನ ಕೈಗೆ ಮಾತ್ರ ಒಗ್ಗಿದ್ದರೆ ತನ್ನನ್ನು ಯಾರೂ ಕದಲಿಸಲಾರರು. ಇದು ಅವನ ಲೆಕ್ಕಾಚಾರ.

ಡಬ್ಬದಲ್ಲಿ ಸುರುಳಿ ಸುತ್ತಿದ್ದ ಮರಿಯನ್ನು ನೋಡಿ ಜುರೆಮಾ ನಕ್ಕಳು. "ಇಲಿ ಹಿಡಿಯೋ ಹಾವಾ ಅಪ್ಪ ಇದು? ಇಲಿನೇ ಇದನ್ನ ಕಚ್ಕೊಂಡು ಹೋಗತ್ತೆ."

"ಬೆಳೆಯತ್ತೆ ಕಣೆ. ನೀನೂ ಹುಟ್ಟಿದಾಗ ಹೀಗೇ ಇದ್ದೆ."

ಜೆನೇಸಿಯು ಬಾಗಿಲ ಹೊರಗೇ ನಿಂತಿದ್ದ. ಮೊಳಕೈವರೆಗೂ ಅಸಾಯಿಯ ನೇರಳೆ ಕಲೆ, ಮುಖದಲ್ಲಿ ರಕ್ತವಿಲ್ಲ. "ಅದು ಬುಸ್ ಅಂದ್ರೆ ಅದರ ಉಸಿರು ತಾಗಿ ಮೈಮೇಲೆ ಬಿಳಿ ಮಚ್ಚೆ ಏಳತ್ತಂತೆ ಮಾವ," ಎಂದ.

"ಹೌದು, ಏಳತ್ತೆ. ನೀನು ದೂರಾನೇ ಇರು," ಎಂದ ದುರ್ವಾಲಿನೊ. ಆ ಮಾತನ್ನು ಅವನೇನೂ ನಂಬಿರಲಿಲ್ಲ. ಅಳಿಯ ನಂಬಿದರೆ ಸಾಕಿತ್ತು.

ಎಲ್ಜಾ ಹೇಳಿಕೊಟ್ಟಂತೆ ಮರಿ ಹೊಸ ಜಾಗದಲ್ಲಿ ಉಂಡು ಅರಗಿಸಿಕೊಳ್ಳುವವರೆಗೆ ಅದನ್ನು ಮುಟ್ಟಲಿಲ್ಲ. ತಾನು ತೊಟ್ಟು ಬೆವತ, ಒಗೆಯದ ಅಂಗಿಯೊಂದನ್ನು ಡಬ್ಬದೊಳಗೆ ಹಾಸಿದ. ಯಜಮಾನನ ವಾಸನೆ ಹಾವಿಗೆ ಹೀಗೇ ಪರಿಚಯವಾಗಬೇಕು. ಆಮೇಲೆ ದಿನಕ್ಕಿಷ್ಟು ಹೊತ್ತು ಎತ್ತತೊಡಗಿದ. ಮೇಲಿನಿಂದ ಕೈ ಹಾಕಿದರೆ ಹದ್ದು ಬಂತೆಂದು ಹೆದರುತ್ತದೆ, ಆದ್ದರಿಂದ ಪಕ್ಕದಿಂದ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು. ಮೊದಮೊದಲು ಬುಸುಗುಟ್ಟಿತು, ಕೈಮೇಲೆ ಹೊಲಸು ಮಾಡಿತು. ಕೊನೆಗೊಂದು ದಿನ ನಾಲಿಗೆ ಆಡಿಸುತ್ತ ಅಂಗಿಯ ತೋಳಿನೊಳಗೆ ನುಗ್ಗಿ ಕಂಕುಳಲ್ಲಿ ಬೆಚ್ಚಗೆ ಮಲಗಿಬಿಟ್ಟಿತು. ಮುದುಕನ ಕಣ್ಣು ತುಂಬಿತು. ಹೆಂಡತಿ ಹೋದ ಮೇಲೆ ಅವನ ಮೈಗೆ ಅಷ್ಟು ಹೊತ್ತು ಯಾರೂ ಅಂಟಿಕೊಂಡಿರಲಿಲ್ಲ.

ಕಣ್ಣಿನ ಆಪರೇಷನ್ ಮಾಡಿಸೋಣ ಬನ್ನಿ ಎಂದು ಅಳಿಯ ಕರೆದರೆ, ಹಾವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ತಳ್ಳಿಹಾಕಿದ. ಅಷ್ಟರಲ್ಲಿ ಮೊಳೆಗೆ ನೇತುಹಾಕಿದ್ದ ಅವನ ಅಂಗಿಯೊಂದು ಕಾಣೆಯಾಯಿತು. ಒಗೆಯಲು ಹೋಗಿರಬೇಕು ಅಂದುಕೊಂಡ. ಕೆಲವು ದಿನಗಳಲ್ಲಿ ಇನ್ನೊಂದು ಹೋಯಿತು, ಅದೂ ಬೆವರು ಮೆತ್ತಿದ್ದೇ. ಒಗೆದು ಮಡಿಸಿಟ್ಟಿದ್ದವು ಇದ್ದಲ್ಲೇ ಇದ್ದವು.

ಬೆವರಿದ ಅಂಗಿಯನ್ನು ಯಾರು ಕದಿಯುತ್ತಾರೆ, ಯಾಕೆ ಕದಿಯುತ್ತಾರೆ ಎಂಬುದು ಆ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅದಕ್ಕೆ ಗಂಟು ಹಾಕಿ, ಹೆಸರು ಹೇಳಿ ಮಸಣದಲ್ಲಿ ಹೂತರೆ ಸಾಕು, ತೊಟ್ಟವನು ಒಣಗಿ ಕಡ್ಡಿಯಾಗಿ ತಾನಾಗಿ ಮನೆ ಬಿಟ್ಟು ಹೋಗುತ್ತಾನೆ.

"ನನ್ನ ಅಂಗಿ ಎಲ್ಲಿ?" ಎಂದು ಮಗಳನ್ನು ಕೇಳಿದ.

"ನಿನ್ನ ಆ ನಾರೋ ಅಂಗೀನ ಯಾರಪ್ಪ ತಗೋತಾರೆ?" ಎಂದಳು ಜುರೆಮಾ. ಹಾಗೆನ್ನುವಾಗ ಅವಳು ಮುಖ ತಿರುಗಿಸಿದಳೆಂದು ಅವನಿಗೆ ಅನಿಸಿತು. ಮಗಳೂ ಸೇರಿಕೊಂಡಿದ್ದಾಳೆ ಎಂಬ ಯೋಚನೆ ಬಂದಾಗ ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳುವೇ ಬಂತು. ಮರುದಿನ ಅಳಿಯ ಟೇಪು ಹಿಡಿದು ಹಿಂದಿನ ಕೋಣೆಯ ಗೋಡೆ ಅಳೆಯುತ್ತಿದ್ದ. ಮಾವ ಬಂದೊಡನೆ ಟೇಪನ್ನು ಜೇಬಿಗೆ ಸೇರಿಸಿದ.

ಮೈಯೆಲ್ಲ ಕಣ್ಣಾಗಿ ಓಡಾಡುವವನಿಗೆ ಇನ್ನೇನು ಸಾಕ್ಷಿ ಬೇಕು. ನೇರ ಸಂತೆಗೆ ಹೋಗಿ ಗಿಡಮೂಲಿಕೆ ಮಾರುವ ಮುದುಕಿಯ ಮುಂದೆ ಗೋಳು ತೋಡಿಕೊಂಡ. ಅವಳು ಏಳೆಂಟು ಬಗೆಯ ಬೇರು ಸೊಪ್ಪು ಕುದಿಸಿದ ನೀರನ್ನು ಬಾಟಲಿಗೆ ತುಂಬಿಕೊಟ್ಟಳು. "ನೆತ್ತಿಯಿಂದ ಸುರ್ಕೊ. ಒರೆಸ್ಕೋಬೇಡ. ಮಾಟ ಆಗಿದ್ರೆ ನಾಳೆ ಒಳಗೆ ತಾನಾಗೇ ಗೊತ್ತಾಗತ್ತೆ," ಎಂದಳು.

ಹಾಗೇ ಸುರಿದುಕೊಂಡ. ಮರುದಿನ ಮಧ್ಯಾಹ್ನ ಎಂದಿನಂತೆ ಡಬ್ಬದೊಳಗೆ ಅಂಗೈ ಚಾಚಿದ. ಮೋಸ ಹಿಂದಕ್ಕೆ ಸರಿಯಿತು, ಕತ್ತು ಬಿಲ್ಲಿನಂತೆ ಮಾಡಿತು, ಬುಸುಗುಟ್ಟಿ ಹೆಬ್ಬೆರಳಿಗೆ ಕಚ್ಚಿಬಿಟ್ಟಿತು.

ವಿಷವಿಲ್ಲದ ಹಾವು, ಎರಡು ಹನಿ ರಕ್ತ ಅಷ್ಟೆ. ಆದರೆ ದುರ್ವಾಲಿನೊವಿಗೆ ಮುದುಕಿಯ ಮಾತು ನಿಜವಾಯಿತು ಅನ್ನಿಸಿತು. ಮಾಟ ಮಾಡಿಸಿ ಹಾವನ್ನೂ ತಿರುಗಿಸಿಬಿಟ್ಟರು. ಕೈಗೆ ಬಾರದ ಹಾವು, ಕೆಲಸಕ್ಕೆ ಬಾರದ ಮುದುಕ. ನೂಕಿಸಿಕೊಳ್ಳುವ ಮೊದಲು ತಾನೇ ಹೋಗುವುದು ಮರ್ಯಾದೆ ಎಂದುಕೊಂಡು ಜೋಲಿ ಬಿಚ್ಚಿ ಸುತ್ತಿ ಚೀಲಕ್ಕೆ ತುರುಕಿದ. ಅಬಾಯೆತೆತುಬ ಎಂಬ ಊರಿನಲ್ಲಿ ತಂಗಿಯಿದ್ದಳು. ಅಲ್ಲಿಗೆ ಮಧ್ಯಾಹ್ನದ ಮಳೆ ನಿಂತ ಮೇಲೆ ದೋಣಿ ಹೊರಡುವುದಿತ್ತು.

ಚೀಲ ಹೆಗಲಿಗೇರಿಸಿ ದೋಣಿಗಟ್ಟೆಯವರೆಗೂ ಹೋದ. ಅಲ್ಲಿ ಅವನಿಗೆ ಮೋಸಳ ನೆನಪು ಬಂತು. ಕಚ್ಚಿದರೂ ತನ್ನದೇ ಹಾವು, ಈ ಮಾಟಗಾರರ ಕೈಗೆ ಬಿಟ್ಟು ಹೋಗುವುದೇ? ಮಳೆಯಲ್ಲೇ ತಿರುಗಿ ಬಂದ. ಮೇಲೆ ಹೋಗಿ ನೋಡಿದರೆ ಡಬ್ಬ ಖಾಲಿ.

ಅಳಿಯ ಕೊಲ್ಲಲು ಒಯ್ದಿದ್ದಾನೆ ಎಂದು ದಡದಡ ಕೆಳಗಿಳಿದ. ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಹಿಟ್ಟಿನ ಮೂಟೆಯ ಮೇಲೆ ಜೆನೇಸಿಯು ಕೂತಿದ್ದ. ಮೈಮೇಲೆ ಮಾವನ ಅಂಗಿ, ಹೊಟ್ಟೆಯ ಹತ್ತಿರ ಗುಂಡಿ ಹಾಕಲಾಗದೆ ಬಾಯಿ ಬಿಟ್ಟುಕೊಂಡಿತ್ತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಮೇರಿ ಮಾತೆಯನ್ನು ಬೇಡಿಕೊಳ್ಳುತ್ತಿದ್ದ. ಮೋಸ ಅವನ ಮಣಿಕಟ್ಟು ಸುತ್ತಿ ತೋಳಿನೊಳಗೆ ಇಣುಕುತ್ತಿತ್ತು.

"ನನ್ನ ಅಂಗಿ," ಎಂದ ದುರ್ವಾಲಿನೊ.

ಜೆನೇಸಿಯು ಕಣ್ಣು ತೆರೆದ. "ಬೈಬೇಡಿ ಮಾವ. ನಿಮ್ಮ ಅಂಗಿ ಹಾಕ್ಕೊಂಡ್ರೆ ಅದು ನನ್ನನ್ನ ನೀವು ಅನ್ಕೊಂಡು ಕಚ್ಚಲ್ಲ. ಒಗೆದಿದ್ದು ಹಾಕ್ಕೊಂಡೂ ನೋಡ್ದೆ, ಬುಸ್ ಅಂತು."

"ನಿನಗ್ಯಾಕೆ ಬೇಕಿತ್ತು ಇದೆಲ್ಲ?"

"ಕಣ್ಣಿನ ಆಪರೇಷನ್‌ಗೆ ಬನ್ನಿ ಅಂದ್ರೆ ಹಾವನ್ನ ಯಾರು ನೋಡ್ಕೋತಾರೆ ಅಂತೀರ. ಜುರೆಮಾ ಮುಟ್ಟಲ್ಲ. ಇನ್ಯಾರಿದ್ದಾರೆ ಈ ಮನೇಲಿ? ಕಲಿತ ಮೇಲೆ ಹೇಳೋಣ ಅಂತಿದ್ದೆ. ನೀವು ನಗ್ತೀರಲ್ಲ."

"ಫ್ರೀಜರ್?"

"ಅದು ಹಜಾರದಲ್ಲಿ ಇರತ್ತೆ. ಹಿಂದಿನ ಕೋಣೇಲಿ ಇದಕ್ಕೊಂದು ದೊಡ್ಡ ಗೂಡು ಮಾಡ್ಸೋಣ ಅಂತ, ನಿಮ್ಮ ಜೋಲಿ ಪಕ್ಕದಲ್ಲಿ. ಬೆಳೆಯತ್ತಲ್ವಾ?"

ದುರ್ವಾಲಿನೊ ಕೈ ಚಾಚಿದ. ಮೋಸ ತಲೆಯನ್ನು ಹಿಂದಕ್ಕೆಳೆದು ಬುಸುಗುಟ್ಟಿತು. ಜೆನೇಸಿಯು ಮೂಗು ಮುಚ್ಚಿಕೊಂಡ. "ಮೈಗೇನು ಹಚ್ಕೊಂಡಿದ್ದೀರ ಮಾವ? ಸತ್ತವರ ಮನೆ ಹೂವಿನ ವಾಸನೆ ಬರ್ತಿದೆ. ಅದಕ್ಕೆ ನಿಮ್ಮ ಗುರುತೇ ಸಿಗ್ತಿಲ್ಲ."

ಮುದುಕನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಆ ಅಂಗಿ ಬಿಚ್ಚು," ಎಂದ ಮೆಲ್ಲಗೆ. ಅಳಿಯನ ಮೈ ಬಿಸಿಯಿಂದ ಇನ್ನೂ ಬೆಚ್ಚಗಿದ್ದ, ಇಬ್ಬರ ಬೆವರೂ ಹಿಡಿದಿದ್ದ ಅಂಗಿಯನ್ನು ತೊಟ್ಟು ಪಕ್ಕದಲ್ಲಿ ಕೂತ. ಮೋಸ ಬಹಳ ಹೊತ್ತು ನಾಲಿಗೆ ಆಡಿಸಿತು. ಆಮೇಲೆ ಅಳಿಯನ ಕೈಯಿಂದ ಮಾವನ ತೋಳಿಗೆ ಇಳಿದು ಬಂತು.

ಆಗ ಜೆನೇಸಿಯುವಿನ ಕಣ್ಣು ಚೀಲದ ಮೇಲೆ ಬಿತ್ತು. "ಜೋಲಿ ಯಾಕೆ ಬಿಚ್ಚಿದ್ರಿ?"

"ಒಗೆಯೋಣ ಅಂತ," ಎಂದ ದುರ್ವಾಲಿನೊ.

ಅಳಿಯ ಮಾವನ ಮುಖ ನೋಡಿದ, ಒದ್ದೆ ಚೀಲ ನೋಡಿದ. "ಅದನ್ನೇನೂ ಒಗೆಯೋದು ಬೇಡ," ಎಂದು ಚೀಲ ಎತ್ತಿಕೊಂಡು ಮೇಲೆ ಹೋದ. ಮುದುಕ ಹಾವಿನ ಸಮೇತ ಹಿಂದೆಯೇ ಹತ್ತಿದ. ಹಿಂದಿನ ಕೋಣೆಯಲ್ಲಿ ಜೆನೇಸಿಯು ಜೋಲಿಯನ್ನು ಕೊಕ್ಕೆಗೆ ಕಟ್ಟಿದ. ಅಸಾಯಿ ಅರೆಯುವವನಿಗೆ ಗಂಟು ಹಾಕಲು ಎಲ್ಲಿ ಬರಬೇಕು, ಏನೋ ಒಂದು ಸುತ್ತಿದ. ದುರ್ವಾಲಿನೊ ಆ ಗಂಟನ್ನು ಎಳೆದು ನೋಡಲಿಲ್ಲ. ಮೋಸಳನ್ನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಹತ್ತಿ ಮಲಗಿದ.